ಅರ್ಜಿಯಲ್ಲಿ ಪಿಸಿಎಂಬಿ ಎಂದು ಬರೆಯುವ ಮುನ್ನ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲೋ ಪಾಂಡವಪುರದ ಯಾವುದಾದರೂ ಹೋಟೆಲಿನ ಮುಂದೋ ಸ್ವಲ್ಪ ಹೊತ್ತು ನಿಂತರೆ ಸಾಕು, ‘ನಿಮ್ ಹುಡ್ಗ ಏನ್ ತಗಂಡ?’ ಎಂಬ ಮಾತು ಕಿವಿಗೆ ಬೀಳುತ್ತದೆ. ‘ಸೈನ್ಸ್ ಕಣಣ್ಣ’ ಎಂದರೆ ಕೇಳಿದವರಿಗೆ ನೆಮ್ಮದಿ, ಹೇಳಿದವರಿಗೆ ಹೆಮ್ಮೆ. ‘ಕಾಮರ್ಸು’ ಎಂದರೆ ‘ಅದೂ ಒಳ್ಳೇದೇಯ ಬುಡು’ ಎಂಬ ಸಮಾಧಾನ. ‘ಆರ್ಟ್ಸ್’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾವ ನಾಲ್ಕು ವಿಷಯ ತೆಗೆದುಕೊಂಡ, ಅವೇ ಯಾಕೆ, ಅವುಗಳಲ್ಲಿ ಅವನಿಗೆ ಹಿಡಿಸಿದ್ದು ಯಾವುದು ಎಂದು ವಿಚಾರಿಸುವವರು ಅಪರೂಪ. ಹದಿನಾರರ ಮಗುವಿನ ಮುಂದಿನ ಎರಡು ವರ್ಷ ನಿಂತಿರುವುದು ಮಾತ್ರ ಈ ಕೇಳದೆ ಉಳಿದ ಪ್ರಶ್ನೆಗಳ ಮೇಲೆಯೇ. ಹಾಗಾಗಿ ಈ ವಾರದ ಬರಹ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹತ್ತನೇ ತರಗತಿಯ ಮಕ್ಕಳಿಗೆ, ಅವರ ಮನೆಯವರಿಗೆ.

ನಮ್ಮ ಪಿಯುಸಿಯಲ್ಲಿ ಆರು ವಿಷಯ. ಎರಡು ಭಾಷೆ, ನಾಲ್ಕು ಐಚ್ಛಿಕ. ಒಟ್ಟು 600 ಅಂಕ. ಅಮೆರಿಕದ ಪ್ರೌಢಶಾಲೆಯ ಮಗು ಗಣಿತವನ್ನು ಮೇಲಿನ ಮಟ್ಟದಲ್ಲಿ, ಚರಿತ್ರೆಯನ್ನು ಸಾಮಾನ್ಯ ಮಟ್ಟದಲ್ಲಿ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳಬಹುದು. ನಮ್ಮಲ್ಲಿ ಹಾಗಿಲ್ಲ, ನಾಲ್ಕು ವಿಷಯ ಒಟ್ಟಿಗೇ ಬರುತ್ತವೆ. ಅದನ್ನೇ ಎಲ್ಲರೂ ಕಾಂಬಿನೇಷನ್ ಎನ್ನುವುದು. ಕಲೆ, ವಿಜ್ಞಾನಗಳ ನಡುವೆ ಗಟ್ಟಿ ಗೋಡೆ ಇರಬಾರದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನಮ್ಮ ಕಾಲೇಜುಗಳಲ್ಲಿ ಆ ಗೋಡೆ ಇನ್ನೂ ಇದೆ. ಭೌತಶಾಸ್ತ್ರದ ಜೊತೆಗೆ ಇತಿಹಾಸ ಓದುತ್ತೇನೆ ಎಂದ ಹುಡುಗಿಗೆ ನಾಗಮಂಗಲದಲ್ಲೂ ಜಾಗವಿಲ್ಲ, ಮೈಸೂರಿನಲ್ಲೂ ಇಲ್ಲ. ಹೀಗಿರುವಾಗ ಯಾವ ಕಟ್ಟಿನಲ್ಲಿ ಏನಿದೆ, ಅದನ್ನು ಆರಿಸಿದರೆ ಯಾವ ದಾರಿ ಉಳಿಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಅರ್ಜಿ ತುಂಬುವ ಮುಂಚೆಯೇ ತಿಳಿದಿರಬೇಕು.

ವಿಜ್ಞಾನದಲ್ಲಿ ಬಹುಪಾಲು ಮಕ್ಕಳು ಬರೆಯುವುದು ಪಿಸಿಎಂಬಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ‘ಡಾಕ್ಟರೂ ಆಗಬಹುದು, ಎಂಜಿನಿಯರೂ ಆಗಬಹುದು, ಎರಡೂ ಇರಲಿ’ ಎಂಬುದು ಇದರ ಹಿಂದಿನ ಲೆಕ್ಕ. ಲೆಕ್ಕ ತಪ್ಪಲ್ಲ. ನೀಟ್‌ಗೆ ಜೀವಶಾಸ್ತ್ರ ಬೇಕೇ ಬೇಕು. ಎಂಜಿನಿಯರಿಂಗ್‌ಗೆ ಗಣಿತ ಬೇಕೇ ಬೇಕು. ಪಿಸಿಎಂಬಿಯಲ್ಲಿ ಎರಡೂ ಇವೆ. ಮನೆಯವರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿ ಇದೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಯನ್ನೇ ಓದಿರಬೇಕೆಂಬ ನಿಯಮವಿಲ್ಲ. ‘ಮಗನಿಗೆ ಸಾಫ್ಟ್‌ವೇರ್ ಬೇಕು, ಊರಿನ ಕಾಲೇಜಿನಲ್ಲಿ ಪಿಸಿಎಂಸಿ ಇಲ್ಲ’ ಎಂಬ ಒಂದೇ ಕಾರಣಕ್ಕೆ ಮಗುವನ್ನು ದೂರದ ಹಾಸ್ಟೆಲಿಗೆ ಕಳಿಸಬೇಕಾಗಿಲ್ಲ.

ಆದರೆ ‘ಎರಡೂ ಇರಲಿ’ ಎಂಬುದಕ್ಕೆ ಮಗು ತೆರುವ ಬೆಲೆಯನ್ನೂ ನೋಡಬೇಕು. ಜೀವಶಾಸ್ತ್ರ ಪುಟಗಟ್ಟಲೆ ಓದುವ, ಚಿತ್ರ ಬರೆಯುವ, ಹೆಸರುಗಳನ್ನು ನೆನಪಿಡುವ ವಿಷಯ. ಗಣಿತಕ್ಕೆ ದಿನವೂ ಕೂತು ಲೆಕ್ಕ ಮಾಡಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ 70 ಅಂಕದ ಬರಹ, 30 ಅಂಕದ ಪ್ರಯೋಗ. ಮೂರೂ ಪ್ರಯೋಗದ ಪುಸ್ತಕ ಬರೆಯಬೇಕು. ವೈದ್ಯಕೀಯ, ಕೃಷಿ, ನರ್ಸಿಂಗ್ ಯಾವುದರ ಕಡೆಗೂ ಮನಸ್ಸಿಲ್ಲದ, ಲೆಕ್ಕ ಬಿಡಿಸುವುದರಲ್ಲೇ ಖುಷಿಪಡುವ ಮಗುವಿನ ಮೇಲೆ ಜೀವಶಾಸ್ತ್ರ ಹೇರಿದರೆ ಎರಡು ವರ್ಷ ಅದು ಹೊರೆ. ಅಂಥವರಿಗೆ ಪಿಸಿಎಂಸಿಯೋ ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇಯೋ ಹೆಚ್ಚು ಹೊಂದುತ್ತದೆ. ಪಿಸಿಎಂಸಿ ಓದಿದ ಮೇಲೆ ವೈದ್ಯಕೀಯದ ಆಸೆ ಹುಟ್ಟಿದರೆ ದಾರಿ ಪೂರ್ತಿ ಮುಚ್ಚಿಲ್ಲ. ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಆಮೇಲೆ ಓದಿ ಪಾಸಾದವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಅವಕಾಶ ಕೊಟ್ಟಿತು. ಹೆಚ್ಚಿನ ಶ್ರಮದ, ಸುತ್ತುಬಳಸಿನ ದಾರಿ ಅದು. ಆದರೂ ದಾರಿಯೇ.

ಜೀವಶಾಸ್ತ್ರ ಎಂದರೆ ಎಂಬಿಬಿಎಸ್ ಒಂದೇ ಅಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕಾಗಿದೆ. 2024ರಲ್ಲಿ ದೇಶದಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಮಿಕ್ಕ 22 ಲಕ್ಷ ಮಕ್ಕಳು ಸೋತವರೆಂದು ತಿಳಿಯುವುದು ಅನ್ಯಾಯ. ಮಂಡ್ಯದ ವಿ.ಸಿ. ಫಾರ್ಮಿನಲ್ಲೇ ಕೃಷಿ ಕಾಲೇಜಿದೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುವೈದ್ಯಕೀಯದಂಥ ಕೋರ್ಸುಗಳಲ್ಲಿ ಕೃಷಿಕ ಕುಟುಂಬದ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ; ಬೀಜ, ಗಿಡ, ಉಪಕರಣಗಳನ್ನು ಗುರುತಿಸಿ ಹೇಳಬೇಕು. ಕಬ್ಬಿನ ಗದ್ದೆಯಲ್ಲಿ, ತೆಂಗಿನ ತೋಟದಲ್ಲಿ ಬೆಳೆದ ಮಗು ತನ್ನ ಬದುಕಿನಲ್ಲಿ ಕಂಡದ್ದಕ್ಕೇ ಅಂಕ ಪಡೆಯುವ ಪರೀಕ್ಷೆ ಅದೊಂದೇ ಇರಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಜೊತೆಗೆ ಫಾರ್ಮಸಿ ಕಾಲೇಜೂ ಇದೆ. ಫಾರ್ಮಸಿಗೆ ಭೌತ, ರಸಾಯನದ ಜೊತೆ ಜೀವಶಾಸ್ತ್ರ ಅಥವಾ ಗಣಿತ, ಯಾವುದಿದ್ದರೂ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕೇಳುವಿಕೆಯ ತೊಂದರೆಗಳ ಚಿಕಿತ್ಸೆಗೆ ಪದವಿ ಓದಬಹುದು. ಅಲ್ಲೇ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್‌ಸಿ., ಬಿ.ಇಡಿ. ಎರಡನ್ನೂ ಕೂಡಿಸಿ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿ.ಮೀ. ದೇಶದ ಬೇರೆಬೇರೆ ರಾಜ್ಯಗಳಿಂದ ಮಕ್ಕಳು ಹುಡುಕಿಕೊಂಡು ಬರುವ ಈ ಎರಡು ಸಂಸ್ಥೆಗಳ ಹೆಸರನ್ನೇ ಕೇಳದ ಮನೆಗಳು ಹೊಳೆಯ ಈಚೆ ದಡದಲ್ಲಿ ಇನ್ನೂ ಇವೆ.

ಇನ್ನು ಗಣಿತ. ನಾನು ಮಕ್ಕಳಿಗೆ ಒಂದೇ ಒಂದು ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ: ತೀರಾ ಆಗದೆ ಹೋದರೆ ಹೊರತು ಗಣಿತವನ್ನು ಬಿಡಬೇಡಿ. ಎಂಜಿನಿಯರಿಂಗ್‌ಗೆ ಮಾತ್ರವಲ್ಲ, ಎನ್‌ಡಿಎ ಮೂಲಕ ನೌಕಾಪಡೆ, ವಾಯುಪಡೆಗೆ ಹೋಗಬೇಕಾದರೂ ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಇರಬೇಕು. ವಾಣಿಜ್ಯ ಸೇರುವವರು ‘ಗಣಿತದಿಂದ ತಪ್ಪಿಸಿಕೊಂಡೆ’ ಎಂದುಕೊಳ್ಳುತ್ತಾರೆ. ಸಿ.ಎ. ಓದಬೇಕೆಂದರೆ ಮೊದಲ ಹಂತದ ಫೌಂಡೇಷನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಆದ್ದರಿಂದ ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಕಂಪ್ಯೂಟರ್ ಇರುವ ಸಿಇಬಿಎ. ಇತಿಹಾಸ ಇರುವ ಹೆಚ್‌ಇಬಿಎ ಕೀಳೆಂದು ಇದರರ್ಥವಲ್ಲ. ಮುಂದೆ ಕಾನೂನು, ಆಡಳಿತ ಸೇವೆಯ ಕಡೆ ಮನಸ್ಸಿರುವವರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ವಿಜ್ಞಾನ ತೆಗೆದುಕೊಳ್ಳುವ ಮನೆಗಳಲ್ಲಿ ಈಗ ದೊಡ್ಡ ಚರ್ಚೆ ಇಂಟಿಗ್ರೇಟೆಡ್ ಕಾಲೇಜುಗಳದ್ದು. ಪಿಯುಸಿ ಪಾಠದ ಜೊತೆಗೇ ನೀಟ್, ಜೆಇಇ, ಸಿಇಟಿ ತರಬೇತಿ, ಬೆಳಗಿನಿಂದ ರಾತ್ರಿವರೆಗೆ ಓದು, ವಾರವಾರ ಪರೀಕ್ಷೆ. ಶುಲ್ಕ ಲಕ್ಷಗಳಲ್ಲಿ. ಕಬ್ಬಿನ ಬಟವಾಡೆ ಕಾರ್ಖಾನೆಯಿಂದ ಯಾವಾಗ ಬರುತ್ತದೋ ಗೊತ್ತಿಲ್ಲ, ಕಾಲೇಜಿನ ಕಂತಿನ ದಿನಾಂಕ ಮಾತ್ರ ನಿಗದಿ. ಆ ನಡುವಿನ ಅಂತರವನ್ನು ಕೈಸಾಲ ತುಂಬುತ್ತದೆ. ಹಣ ಕಟ್ಟುವ ಮುಂಚೆ ಈ ಮೂರು ಪರೀಕ್ಷೆಗಳು ಒಂದೇ ಅಲ್ಲ ಎಂಬುದನ್ನು ಮನೆಯವರು ತಿಳಿಯಲೇಬೇಕು.

ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳದ್ದು, ಅರ್ಧ ಪಾಲು ಸಿಇಟಿ ಅಂಕಗಳದ್ದು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್ ಹಾಗಲ್ಲ: 180 ಪ್ರಶ್ನೆಗೆ 720 ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಅಲ್ಲ. ಐಐಟಿ, ಎನ್‌ಐಟಿಗಳಿಗೆ ಹೋಗುವ ಜೆಇಇ ಇನ್ನೂ ಕಠಿಣ. ಮಂಡ್ಯದಲ್ಲಿ 1962ರಲ್ಲಿ ಶುರುವಾದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿಗೋ, 2007ರಲ್ಲಿ ಆರಂಭವಾದ ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯ ಮಹಾರಾಜ ತಾಂತ್ರಿಕ ಕಾಲೇಜಿಗೋ ಸೇರಬಯಸುವ ಮಗುವಿಗೆ ಬೇಕಾದದ್ದು ಪಿಯುಸಿ ಪಠ್ಯವನ್ನು ತಳಮಟ್ಟದಿಂದ ಓದಿ, ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು, ಕೊನೆಯ ತಿಂಗಳುಗಳಲ್ಲಿ ಹಳೆಯ ಸಿಇಟಿ ಪತ್ರಿಕೆಗಳನ್ನು ಬಿಡಿಸುವುದು. 2012-13ರಿಂದ ಪ್ರಥಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಬಂದಿದೆ. ಸಿಇಟಿಗೂ ನೀಟ್‌ಗೂ ಬುನಾದಿ ಅದೇ ಪುಸ್ತಕ. ಚೆನ್ನಾಗಿ ಪಾಠ ಮಾಡುವ ಉಪನ್ಯಾಸಕರಿರುವ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಇಷ್ಟು ಖಂಡಿತ ಸಾಧ್ಯ. ಜೆಇಇಯ ಗುರಿಯೇ ಇಲ್ಲದ ಮಗುವನ್ನು ಜೆಇಇ ಬ್ಯಾಚಿಗೆ ಸೇರಿಸಿದರೆ ಪಾಠ ಓಡುವ ವೇಗಕ್ಕೆ ಅದು ಹಿಂದೆ ಬೀಳುತ್ತದೆ, ಪಿಯುಸಿ ಅಂಕವೂ ಕೆಳಗಿಳಿಯುತ್ತದೆ, ಸಿಇಟಿಯ ಅರ್ಧ ಪಾಲು ಅಲ್ಲೇ ಕೈಬಿಡುತ್ತದೆ. ನೀಟ್ ಅಥವಾ ಜೆಇಇ ಬರೆದೇ ತೀರುವ ಹಟ ಮಗುವಿಗೇ ಇದ್ದರೆ, ಹತ್ತನೇ ತರಗತಿಯ ಗಣಿತ, ವಿಜ್ಞಾನ ಪಾಠಗಳು ಬಾಯಿಪಾಠವಲ್ಲದೆ ಅರ್ಥವಾಗಿದ್ದರೆ ಆ ಖರ್ಚಿಗೆ ಅರ್ಥವಿದೆ. ಹಟ ಅಪ್ಪನದೋ ಮಾವನದೋ ಆಗಿದ್ದರೆ ಇಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ, ರ‍್ಯಾಂಕಿನ ಫ್ಲೆಕ್ಸುಗಳ ಜೊತೆಗೆ ಇನ್ನೂ ಕೆಲವನ್ನು ವಿಚಾರಿಸಿ. ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರಾ, ಅತಿಥಿ ಉಪನ್ಯಾಸಕರಾ? ಅತಿಥಿಗಳಾದರೆ ಅವರು ಯಾವ ತಿಂಗಳಲ್ಲಿ ಬರುತ್ತಾರೆ? ಲ್ಯಾಬಿನಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡುತ್ತಾರಾ, ಬರೀ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರಾ? ಕಳೆದ ವರ್ಷದ ವಿದ್ಯಾರ್ಥಿ ಒಬ್ಬರನ್ನು ಹುಡುಕಿ ಕೇಳಿದರೆ ನಿಜ ಗೊತ್ತಾಗುತ್ತದೆ. ಪಿಸಿಎಂಸಿ ಇದೆ ಎಂದು ಬೋರ್ಡಿನಲ್ಲಿ ಬರೆದು, ಕಂಪ್ಯೂಟರ್ ಉಪನ್ಯಾಸಕರೇ ಇಲ್ಲದ ಕಾಲೇಜಿಗಿಂತ ನಾಲ್ಕೂ ವಿಷಯ ಸರಿಯಾಗಿ ನಡೆಯುವ ಪಿಸಿಎಂಬಿ ಕಾಲೇಜು ಮೇಲು.

ದಾರಿಯ ದೂರವನ್ನೂ ಆಯ್ಕೆಯ ಭಾಗವೆಂದೇ ಎಣಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ರೈಲಿದೆ. ಕೆ.ಆರ್. ಪೇಟೆ ಪಟ್ಟಣಕ್ಕೆ ರೈಲಿಲ್ಲ. ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ನಿಲ್ದಾಣಗಳಿವೆ. ನಾಗಮಂಗಲ ಪಟ್ಟಣಕ್ಕೂ ಇಲ್ಲ, ತಾಲ್ಲೂಕಿನ ಬಿ.ಜಿ. ನಗರದಲ್ಲಿ ಬೆಂಗಳೂರು–ಹಾಸನ ಮಾರ್ಗದ ನಿಲ್ದಾಣವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ. ‘ಹುಡುಗಿಗೆ ಅಷ್ಟು ದೂರ ಯಾಕೆ, ಇಲ್ಲೇ ಯಾವುದಾದರೂ ಇರಲಿ’ ಎನ್ನುತ್ತಿದ್ದ ಮನೆಗಳ ಒಂದು ನೆಪ ಕಡಿಮೆಯಾಗಿದೆ, ಒಳ್ಳೆಯದಾಯಿತು. ಆದರೆ ಖರ್ಚು ಉಳಿದರೂ ಹೊತ್ತು ಉಳಿಯುವುದಿಲ್ಲ. ಹಳ್ಳಿಯಿಂದ ಪೇಟೆಗೊಂದು ಬಸ್ಸು, ಪೇಟೆಯಿಂದ ಮೈಸೂರಿಗೆ ಇನ್ನೊಂದು ಎಂದು ದಿನಕ್ಕೆ ನಾಲ್ಕು ಗಂಟೆ ನಿಂತು ಪ್ರಯಾಣಿಸುವ ಮಗು ರಾತ್ರಿ ಗಣಿತ ಮಾಡುವುದು ಯಾವಾಗ? ಪಿಸಿಎಂಬಿಗಾಗಿ ಅಷ್ಟು ಓಡಾಡುವ ಮಗುವಿಗಿಂತ ಊರ ಹತ್ತಿರದ ಕಾಲೇಜಿನಲ್ಲೇ ಓದಿ, ಮನೆಯಲ್ಲಿ ಊಟ ಮಾಡಿ, ಎಂಟು ಗಂಟೆ ನಿದ್ದೆ ಮಾಡುವ ಮಗು ಎಷ್ಟೋ ಸಲ ಮುಂದೆ ಹೋಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳ ಅಂಜಿಕೆಯ ಬಗ್ಗೆಯೂ ಹೇಳಬೇಕು. ಹತ್ತನೇ ತರಗತಿಯಲ್ಲಿ ‘ವೇಗೋತ್ಕರ್ಷ’ ಎಂದು ಓದಿದ್ದು ಪಿಯುಸಿ ತರಗತಿಯಲ್ಲಿ ಏಕಾಏಕಿ ‘ಆಕ್ಸಿಲರೇಷನ್’ ಆದಾಗ ಮಗು ತನಗೆ ವಿಜ್ಞಾನವೇ ಬಾರದೆಂದು ತಿಳಿಯುತ್ತದೆ. ಬಾರದಿರುವುದು ಇಂಗ್ಲಿಷ್ ಮಾತ್ರ, ಅದೂ ಕೆಲವು ತಿಂಗಳಿನ ಮಟ್ಟಿಗೆ. ರಜೆಯಲ್ಲೇ ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಿದರೆ ಜೂನ್‌ನಲ್ಲಿ ತರಗತಿ ಅಷ್ಟು ಅಪರಿಚಿತ ಎನಿಸುವುದಿಲ್ಲ. ನೀಟ್, ಜೆಇಇ ಮೇನ್ ಎರಡರ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ಕಲೆ, ವಾಣಿಜ್ಯದ ಪಿಯುಸಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಕನ್ನಡ ಶಾಲೆಯ, ಹಳ್ಳಿ ಶಾಲೆಯ ಮಕ್ಕಳಿಗೆ ಸರ್ಕಾರ ಇಟ್ಟಿರುವ ಪಾಲನ್ನು ಮನೆಯವರು ಮರೆಯುತ್ತಾರೆ. ವೃತ್ತಿ ಶಿಕ್ಷಣದ ಸರ್ಕಾರಿ ಕೋಟಾ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎಣಿಕೆಗೆ ಬರುವುದು ಹತ್ತೂ ವರ್ಷ. ಪುರಸಭೆ ವ್ಯಾಪ್ತಿಯ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿಯನ್ನು ಎಲ್ಲಿ ಓದಿದರೂ ಈ ಹಕ್ಕು ಹೋಗುವುದಿಲ್ಲ. ವ್ಯಾಸಂಗ ಪ್ರಮಾಣಪತ್ರಗಳನ್ನು ಸಿಇಟಿ ಅರ್ಜಿಯ ಕೊನೆಯ ದಿನ ಹುಡುಕುವ ಬದಲು ಪ್ರಥಮ ಪಿಯುಸಿಗೆ ಸೇರಿಸುವಾಗಲೇ ಹಳೆಯ ಶಾಲೆಗಳಿಗೆ ಹೋಗಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಭಾಷೆಯ ಆಯ್ಕೆಯಲ್ಲೂ ಒಂದು ತಪ್ಪು ಲೆಕ್ಕವಿದೆ. ಅಂಕ ಹೆಚ್ಚು ಬರುತ್ತದೆಂದು ಕನ್ನಡ ಬಿಟ್ಟು ಸಂಸ್ಕೃತ ಹಿಡಿಯುವವರಿದ್ದಾರೆ. ಪ್ರೀತಿಯಿಂದ ಓದುವುದಾದರೆ ಸಂಸ್ಕೃತ ಖಂಡಿತ ಓದಿ, ಮೇಲುಕೋಟೆ ಇರುವ ನಾಡು ನಮ್ಮದು. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಸೇರುವುದೇ ಇಲ್ಲ. ಒಟ್ಟು ಶೇಕಡಾವಾರಿನಲ್ಲಿ ನಾಲ್ಕೈದು ಅಂಕಕ್ಕಾಗಿ, ಹತ್ತು ವರ್ಷ ಓದಿದ ಭಾಷೆಯನ್ನು ಬಿಟ್ಟು ಹೊಸ ಭಾಷೆಯನ್ನು ಮೊದಲಿನಿಂದ ಶುರುಮಾಡುವ ಅಗತ್ಯ ಹಳ್ಳಿಯ ಮಗುವಿಗಿಲ್ಲ.

ಕಲಾ ವಿಭಾಗದ ಮಾತು ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ರಾಜ್ಯದಲ್ಲಿ ವಿಜ್ಞಾನದವರು ಶೇ. 82ರಷ್ಟು ಪಾಸಾದರೆ ವಾಣಿಜ್ಯದವರು ಶೇ. 76, ಕಲಾ ವಿಭಾಗದವರು ಶೇ. 53ರ ಆಸುಪಾಸು. ‘ಸುಲಭ’ ಎಂದು ಹೆಸರಾದ ವಿಭಾಗದಲ್ಲೇ ಅರ್ಧಕ್ಕೆ ಹತ್ತಿರ ಮಕ್ಕಳು ಬಿದ್ದರು. ಕಾರಣ ವಿಷಯದ್ದಲ್ಲ. ಯಾರೂ ಆರಿಸಿಕೊಳ್ಳದ, ಬೇರೆಲ್ಲೂ ಸೀಟು ಸಿಗದೆ ಬಂದವರ ತರಗತಿಯಾಗಿ ಅದನ್ನು ಮಾಡಿದ್ದೇವೆ. ಅಲ್ಲಿ ಕೂತ ಮಗುವಿಗೆ ಮೊದಲ ದಿನದಿಂದಲೇ ತಾನು ಉಳಿದುಹೋದವಳು ಎಂಬ ಭಾವ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಮೇಲುಕೋಟೆಯ ಪು.ತಿ. ನರಸಿಂಹಾಚಾರ್, ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯ ಇವರೆಲ್ಲ ಈ ನಾಲ್ಕು ತಾಲ್ಲೂಕುಗಳ ನೆಲದವರು. ಅಂಥ ನೆಲದಲ್ಲಿ ಐಚ್ಛಿಕ ಕನ್ನಡ ಕೇಳಿ ತೆಗೆದುಕೊಳ್ಳುವ ಹುಡುಗನನ್ನು ‘ಮಾರ್ಕ್ಸ್ ಕಮ್ಮಿ ಬಂತಾ?’ ಎಂದು ವಿಚಾರಿಸುತ್ತಾರೆ. ಹೆಚ್‌ಇಪಿಎಸ್ ಓದಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿ, ಐದು ವರ್ಷದ ಕಾನೂನು ಪದವಿಗೆ ಹೋಗಬಹುದು, ಶಿಕ್ಷಕರಾಗಬಹುದು, ಕೆಎಎಸ್‌ಗೆ ಓದಬಹುದು. ಮನಶ್ಶಾಸ್ತ್ರ, ಭೂಗೋಳ ಸಿಗುವ ಕಾಲೇಜಾದರೆ ಇನ್ನೂ ಹೆಚ್ಚಿನ ದಾರಿಗಳಿವೆ. ಮಗು ಇಷ್ಟಪಟ್ಟು ಕೇಳಿದರೆ ಹತ್ತನೇ ತರಗತಿಯಲ್ಲಿ ಶೇ. 95 ಬಂದಿದ್ದರೂ ಕೊಡಿಸಿ.

ಪಿಯುಸಿಯೇ ಬೇಡ ಎನ್ನುವವರಿಗೆ ಡಿಪ್ಲೊಮಾ ಇದೆ. ಮೂರು ವರ್ಷ ಓದಿ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಕೈಗೆ ಕೆಲಸ ಬೇಗ ಬೇಕಾದ ಮನೆಗೆ ಇದು ಬಹಳ ಒಳ್ಳೆಯ ದಾರಿ.

ಹಾಗಾದರೆ ಆರಿಸುವುದು ಹೇಗೆ? ಅಂಕಪಟ್ಟಿ ನೋಡಿ ಆರಿಸುವುದಕ್ಕಿಂತ ಪುಸ್ತಕ ನೋಡಿ ಆರಿಸುವುದು ಮೇಲು. ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ; ಪಕ್ಕದ ಮನೆಯ ಅಕ್ಕನ ಹಳೆಯ ಪುಸ್ತಕವಾದರೂ ಆದೀತು. ಏಪ್ರಿಲ್, ಮೇ ರಜೆಯಲ್ಲಿ ಭೌತಶಾಸ್ತ್ರದ ಒಂದು ಅಧ್ಯಾಯ, ಗಣಿತದ ಒಂದು, ಜೀವಶಾಸ್ತ್ರದ ಒಂದು, ಅರ್ಥಶಾಸ್ತ್ರದ ಒಂದು, ಲೆಕ್ಕಶಾಸ್ತ್ರದ ಒಂದು ಓದಿಸಿ. ಯಾವುದನ್ನು ಮಗು ಹೇಳದೆಯೇ ಮುಂದುವರಿಸಿತು, ಯಾವುದನ್ನು ಎರಡನೇ ಪುಟಕ್ಕೇ ಮುಚ್ಚಿಟ್ಟಿತು ನೋಡಿ. ಹೈಸ್ಕೂಲಿನ ಶಿಕ್ಷಕರಲ್ಲೂ ಒಂದು ಬಿನ್ನಹ. ಡಿಸೆಂಬರಿನಲ್ಲೇ ಹತ್ತಿರದ ಪಿಯು ಕಾಲೇಜಿನ ಉಪನ್ಯಾಸಕರನ್ನು ಕರೆಸಿ ಪ್ರತಿ ವಿಭಾಗದ ಒಂದೊಂದು ಪಾಠ ಮಾಡಿಸಿ. ಕಲಾ ವಿಭಾಗದವರನ್ನೂ ಕರೆಯಿರಿ.

ಇಷ್ಟೆಲ್ಲ ಮಾಡಿದರೂ ಆಯ್ಕೆ ಹೊಂದದೆ ಹೋಗಬಹುದು. ತರಗತಿ ಶುರುವಾದ ಮೊದಲ ವಾರಗಳಲ್ಲಿ ಕಾಂಬಿನೇಷನ್ ಬದಲಿಸುವುದು ಸುಲಭ, ತಡವಾದಷ್ಟೂ ಕಷ್ಟ. ಜುಲೈನಲ್ಲಿ ಮಗು ಮನೆಗೆ ಬಂದು ‘ಅಪ್ಪಾ, ಫಿಸಿಕ್ಸ್ ತಲೆಗೆ ಹೋಗ್ತಿಲ್ಲ, ಕಾಮರ್ಸ್‌ಗೆ ಸೇರ್ಕೋತೀನಿ’ ಎಂದರೆ ನೆಂಟರ ಮುಂದೆ ಏನು ಹೇಳುವುದೆಂದು ಯೋಚಿಸುತ್ತಾ ಕೂರಬೇಡಿ. ಮಾರನೆಯ ಬೆಳಿಗ್ಗೆಯೇ ಮಗುವನ್ನು ಕರೆದುಕೊಂಡು ಹೋಗಿ ಉಪನ್ಯಾಸಕರನ್ನೂ ಪ್ರಾಂಶುಪಾಲರನ್ನೂ ಕಾಣಿ. ಎಡವಿದ್ದು ಇಂಗ್ಲಿಷಿನಲ್ಲಾ, ಗಣಿತದಲ್ಲಾ, ನಿಜವಾಗಿ ಭೌತಶಾಸ್ತ್ರದಲ್ಲೇನಾ ಎಂದು ಅವರನ್ನು ಕೇಳಿ. ಇಂಗ್ಲಿಷಾದರೆ ಇನ್ನೆರಡು ತಿಂಗಳು ಜೊತೆಗೆ ನಿಂತು ಓದಿಸಿ. ಭೌತಶಾಸ್ತ್ರವೇ ಆಗಿದ್ದರೆ ಆ ದಿನವೇ ಬದಲಾವಣೆಯ ಅರ್ಜಿ ಕೊಟ್ಟು ಬನ್ನಿ.